ಜಾಂಗೋಗೆ ಪೋಸ್ಟ್‌ಗ್ರೆಸ್ ಜೋಡಿಸಲು ಸೂಪರ್‌ಯೂಸರ್ ಬೇಡ, ಓನರ್ ಸಾಕು

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಜಾಂಗೋ (ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್) ಪ್ರಾಜೆಕ್ಟಿನ ಡೇಟಾಬೇಸನ್ನು ಎಸ್‌ಕ್ಯೂಲೈಟ್‌ನಿಂದ ಪೋಸ್ಟ್‌ಗ್ರೆಸ್ 16ಕ್ಕೆ ಬದಲಾಯಿಸುತ್ತಿದ್ದೀರಿ. ಮೊದಲು 'ಪಿಯರ್ ಅಥೆಂಟಿಕೇಶನ್ ಫೇಲ್ಡ್' ಅಂತ ಬಂತು. ಅದನ್ನು ಹೇಗೋ ದಾಟಿ ಮೈಗ್ರೇಟ್ ಮಾಡಿದರೆ (ಅಂದರೆ ಜಾಂಗೋದ ಟೇಬಲ್‌ಗಳನ್ನು ಡೇಟಾಬೇಸ್‌ನಲ್ಲಿ ಮಾಡಿಸಲು ಹೋದರೆ) 'ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್'. ಸ್ಕೀಮಾ ಎಂದರೆ ಡೇಟಾಬೇಸ್ ಒಳಗೆ ಟೇಬಲ್‌ಗಳನ್ನು ಗುಂಪಾಗಿ ಇಡುವ ಜಾಗ. ಡೇಟಾಬೇಸ್ ಮೇಲೆ ಗ್ರಾಂಟ್ ಆಲ್ (ಹಕ್ಕು ಕೊಡುವ ಕಮಾಂಡ್) ಕೊಟ್ಟರೂ ಅದೇ ಎರರ್. ಗೆಳೆಯರೊಬ್ಬರು ಆ ಯೂಸರನ್ನು ಸೂಪರ್‌ಯೂಸರ್ ಮಾಡಿಬಿಡಿ ಎಂದಿದ್ದಾರೆ. ಮಾಡಬಹುದಾ ಎಂದು ಕೇಳಿದ್ದೀರಿ.

ದಯವಿಟ್ಟು ಮಾಡಬೇಡಿ. ಎರರ್ ಹೋಗುತ್ತದೆ, ನಿಜ. ಯಾಕೆಂದರೆ ಸೂಪರ್‌ಯೂಸರ್ ಬಂದರೆ ಪೋಸ್ಟ್‌ಗ್ರೆಸ್ ಪರ್ಮಿಷನ್ ನೋಡುವುದನ್ನೇ ಬಿಡುತ್ತದೆ. ಆ ಯೂಸರ್ ಕಾಪಿ ಕಮಾಂಡಿನ ಜೊತೆ 'ಪ್ರೋಗ್ರಾಂ' ಎಂದು ಸೇರಿಸಿ, ಡೇಟಾಬೇಸ್ ಇರುವ ಸರ್ವರ್ ಮೇಲೇ ಬೇಕಾದ ಕಮಾಂಡ್ ಓಡಿಸಬಹುದು. ನಾಳೆ ನಿಮ್ಮ ಆ್ಯಪ್‌ನಲ್ಲಿ ಎಲ್ಲೋ ಒಂದು ಕಡೆ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ (ಹೊರಗಿನವರು ಆ್ಯಪ್ ಮೂಲಕ ಡೇಟಾಬೇಸ್ ಕಮಾಂಡ್ ನುಗ್ಗಿಸುವುದಕ್ಕೆ) ಸಂದು ಉಳಿದಿತ್ತು ಎಂದುಕೊಳ್ಳಿ. ಒಳಗೆ ನುಗ್ಗಿದವನಿಗೆ ಟೇಬಲ್ ಮಾತ್ರ ಅಲ್ಲ, ಸರ್ವರ್ರೇ ಸಿಗುತ್ತದೆ. ಜನರ ಫೋನ್ ನಂಬರ್, ವಿಳಾಸ ಇಟ್ಟುಕೊಳ್ಳುವ ಆ್ಯಪ್‌ಗೆ ಇದು ತುಂಬಾ ದುಬಾರಿ.

ಗ್ರಾಂಟ್ ಆಲ್ ಯಾಕೆ ಕೆಲಸ ಮಾಡಲಿಲ್ಲ? ಡೇಟಾಬೇಸ್ ಮೇಲೆ ಕೊಟ್ಟ ಆ ಗ್ರಾಂಟ್‌ನಿಂದ ಸಿಗುವುದು ಮೂರೇ: ಕನೆಕ್ಟ್ ಆಗುವುದು, ಹೊಸ ಸ್ಕೀಮಾ ಮಾಡುವುದು, ಟೆಂಪರರಿ ಟೇಬಲ್ ಮಾಡುವುದು. ಆದರೆ ಜಾಂಗೋ ಟೇಬಲ್‌ಗಳನ್ನು ಇಡುವುದು ಆಗಲೇ ಇರುವ ಪಬ್ಲಿಕ್ ಸ್ಕೀಮಾದಲ್ಲಿ. ಅದರ ಪರ್ಮಿಷನ್ ಬೇರೆಯೇ. 14ನೇ ವರ್ಷನ್‌ವರೆಗೆ ಪಬ್ಲಿಕ್‌ನಲ್ಲಿ ಯಾರು ಬೇಕಾದರೂ ಟೇಬಲ್ ಮಾಡಬಹುದಿತ್ತು. ಹಾಗಾಗಿ ಹಳೆಯ ಟ್ಯುಟೋರಿಯಲ್‌ಗಳಲ್ಲಿ ಗ್ರಾಂಟ್‌ನ ಆ ಒಂದು ಸಾಲು ಸಾಕಾಗುತ್ತಿತ್ತು. ಅದರಲ್ಲಿ ಒಂದು ಅಪಾಯವೂ ಇತ್ತು. ಸಾಮಾನ್ಯ ಯೂಸರ್ ಒಬ್ಬ ಪಬ್ಲಿಕ್‌ನಲ್ಲಿ ತನ್ನದೊಂದು ಫಂಕ್ಷನ್ ಇಟ್ಟು, ಬೇರೆಯವರ ಕ್ವೆರಿ ಅದನ್ನೇ ಕರೆಯುವಂತೆ ಮಾಡಬಹುದಿತ್ತು. 2018ರಲ್ಲಿ ಇದನ್ನು ಸೆಕ್ಯೂರಿಟಿ ದೋಷ ಎಂದೇ ಪ್ರಕಟಿಸಿದರು. 2022ರ ಅಕ್ಟೋಬರ್‌ನಲ್ಲಿ ಬಂದ 15ನೇ ವರ್ಷನ್ ಆ ಬಾಗಿಲನ್ನು ಮುಚ್ಚಿತು. ಈಗ ಹೊಸ ಡೇಟಾಬೇಸ್‌ನ ಪಬ್ಲಿಕ್ ಸ್ಕೀಮಾದಲ್ಲಿ ಟೇಬಲ್ ಮಾಡುವ ಹಕ್ಕು ಆ ಡೇಟಾಬೇಸಿನ ಓನರ್‌ಗೆ ತಾನಾಗಿಯೇ ಇರುತ್ತದೆ. ಉಳಿದವರಿಗೆ ಕೊಟ್ಟರೆ ಮಾತ್ರ. ಹಳೆಯ ವರ್ಷನ್‌ನಿಂದ ಅಪ್‌ಗ್ರೇಡ್ ಆಗಿ ಬಂದ ಡೇಟಾಬೇಸ್‌ನಲ್ಲಿ ಹಳೆಯ ಪರ್ಮಿಷನ್ನೇ ಉಳಿದಿರುತ್ತದೆ. 'ನಮ್ಮಲ್ಲಿ ಆಗುತ್ತಲ್ಲ' ಎಂದು ಕೆಲವರು ಹೇಳುವುದು ಅದಕ್ಕೇ.

ಹಾಗಾದರೆ ಮಾಡಬೇಕಾದ್ದು ಚಿಕ್ಕ ಕೆಲಸ. 'ಪೋಸ್ಟ್‌ಗ್ರೆಸ್' ಎಂಬ ಹೆಸರಿನ ಸೂಪರ್‌ಯೂಸರ್ ಆಗಿ ಒಳಗೆ ಹೋಗಿ, ನಿಮ್ಮ ಹೆಸರುಗಳನ್ನು ಹಾಕಿ ಈ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ:

ಆಲ್ಟರ್ ಡೇಟಾಬೇಸ್ (ಡೇಟಾಬೇಸ್ ಹೆಸರು) ಓನರ್ ಟು (ಯೂಸರ್ ಹೆಸರು);

ಆಮೇಲೆ ಮತ್ತೆ ಮೈಗ್ರೇಟ್ ಮಾಡಿ. ಈ ಮಧ್ಯೆ ಆ 'ಪೋಸ್ಟ್‌ಗ್ರೆಸ್' ಯೂಸರ್ ಹೆಸರಲ್ಲೇ ಒಮ್ಮೆ ಮೈಗ್ರೇಟ್ ಮಾಡಿದ್ದರೆ ಮಾತ್ರ ಜೋಪಾನ. ಆಗ ಹುಟ್ಟಿದ ಟೇಬಲ್‌ಗಳ ಓನರ್ ಆ ಯೂಸರೇ ಆಗಿರುತ್ತಾನೆ. ಡೇಟಾಬೇಸ್ ಓನರ್ ಬದಲಾದರೆ ಟೇಬಲ್ ಓನರ್ ಬದಲಾಗುವುದಿಲ್ಲ. ಇನ್ನೂ ಡೇಟಾ ತುಂಬಿಲ್ಲ ಎಂದರೆ ಸುಮ್ನೆ ಆ ಡೇಟಾಬೇಸ್ ಅಳಿಸಿ, ಸರಿಯಾದ ಓನರ್ ಹೆಸರಲ್ಲಿ ಹೊಸದು ಮಾಡಿಬಿಡಿ. ಅದೇ ಸುಲಭ.

ಹೊಸದು ಮಾಡುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ರೀತಿ) ಒಮ್ಮೆ ನೋಡಿ. ಕನ್ನಡದ ಆ್ಯಪ್ ಮಾಡುವ ನಮಗೆ ಇದು ಬಹಳ ಮುಖ್ಯ. ಸರ್ವರ್‌ನಲ್ಲಿ ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ಸರಿಯಾಗಿ ಹಾಕದೆ ಪೋಸ್ಟ್‌ಗ್ರೆಸ್ ಇನ್‌ಸ್ಟಾಲ್ ಮಾಡಿದ್ದರೆ ಎನ್‌ಕೋಡಿಂಗ್ ಎಸ್‌ಕ್ಯೂಎಲ್ ಆ್ಯಸ್ಕಿ ಆಗಿರಬಹುದು. ಅಲ್ಲಿ ಅಕ್ಷರ ಎಣಿಸುವ ಬದಲು ಬೈಟ್ ಎಣಿಸುತ್ತದೆ. ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ (ಯೂನಿಕೋಡ್ ಪಟ್ಟಿಯ ಒಂದೊಂದು ಚಿಹ್ನೆಗೂ) ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಅಂದರೆ ಮ್ಯಾಕ್ಸ್ ಲೆಂಗ್ತ್ (ಫೀಲ್ಡಿನ ಗರಿಷ್ಠ ಉದ್ದ) 100 ಎಂದಿಟ್ಟ ಕಡೆ 33 ಮಾತ್ರ ಹಿಡಿಯುತ್ತದೆ. ಎನ್‌ಕೋಡಿಂಗ್ ಸರಿಯಿದ್ದರೂ ಲೆಕ್ಕ ನಮ್ಮ ಕಣ್ಣಿನ ಲೆಕ್ಕದಂತೆ ಇರುವುದಿಲ್ಲ. 'ಕನ್ನಡ' ನಮಗೆ ಮೂರಕ್ಷರ, ಡೇಟಾಬೇಸ್‌ಗೆ ಐದು. ಒತ್ತಕ್ಷರದ ಜೊತೆ ಅದನ್ನು ಜೋಡಿಸುವ ಹಲಂತ ಚಿಹ್ನೆಯೂ (್) ಲೆಕ್ಕಕ್ಕೆ ಬರುತ್ತದೆ. ಹೆಸರು, ಶೀರ್ಷಿಕೆಯ ಫೀಲ್ಡ್‌ಗಳಿಗೆ ಸ್ವಲ್ಪ ಜಾಸ್ತಿ ಜಾಗ ಕೊಡಿ. ಎನ್‌ಕೋಡಿಂಗನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲ. ಅದಕ್ಕೇ ಡೇಟಾಬೇಸ್ ಮಾಡುವಾಗಲೇ ಟೆಂಪ್ಲೇಟ್ 0 (ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಖಾಲಿ ಮಾದರಿ ಡೇಟಾಬೇಸ್) ಬಳಸಿ ಯುಟಿಎಫ್-8 ಎಂದು ಬರೆಯಿರಿ.

ಇನ್ನು ನಿಮ್ಮ ಮೊದಲ ಎರರ್, ಪಿಯರ್ ವಿಷಯ. ಸೆಟ್ಟಿಂಗ್ಸ್ ಫೈಲ್‌ನ ಡೇಟಾಬೇಸಸ್ ಭಾಗದಲ್ಲಿ ಹೋಸ್ಟ್ ಖಾಲಿ ಬಿಟ್ಟರೆ ಜಾಂಗೋ ಯುನಿಕ್ಸ್ ಸಾಕೆಟ್ (ಅದೇ ಕಂಪ್ಯೂಟರ್ ಒಳಗಿನ ನೇರ ದಾರಿ) ಮೂಲಕ ಹೋಗುತ್ತದೆ. ಉಬುಂಟು, ಡೆಬಿಯನ್‌ನಲ್ಲಿ ಆ ದಾರಿಗೆ ಪಿಯರ್ ನಿಯಮ ಇರುತ್ತದೆ: ಲಿನಕ್ಸ್ ಯೂಸರ್ ಹೆಸರೂ ಡೇಟಾಬೇಸ್ ಯೂಸರ್ ಹೆಸರೂ ಒಂದೇ ಇರಬೇಕು. ಪಾಸ್‌ವರ್ಡ್ ಕೇಳುವುದೇ ಇಲ್ಲ. ಹೋಸ್ಟ್‌ನಲ್ಲಿ 127.0.0.1, ಪೋರ್ಟ್‌ನಲ್ಲಿ 5432 ಹಾಕಿ. ಆಗ ಪಾಸ್‌ವರ್ಡ್ ನೋಡುತ್ತದೆ. ಇದನ್ನು ದಾಟಲು ಪಿಜಿ ಎಚ್‌ಬಿಎ ಫೈಲ್‌ನಲ್ಲಿ (ಯಾರು ಹೇಗೆ ಲಾಗಿನ್ ಆಗಬೇಕು ಎಂಬ ನಿಯಮಗಳ ಫೈಲ್) 'ಟ್ರಸ್ಟ್' ಎಂದು ಬರೆದಿದ್ದರೆ ಈಗಲೇ ಮೊದಲಿದ್ದಂತೆ ಮಾಡಿ. ಅದಿದ್ದರೆ ಪಾಸ್‌ವರ್ಡ್ ಇಲ್ಲದೆ ಯಾವ ಯೂಸರ್ ಹೆಸರಲ್ಲಿ ಬೇಕಾದರೂ ಒಳಗೆ ಬರಬಹುದು. ಪಾಸ್‌ವರ್ಡ್ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇರಲಿ, ಗಿಟ್‌ಗೆ ಹೋಗದಿರಲಿ.

ಟೆಸ್ಟ್ ಓಡಿಸುವಾಗ ಮತ್ತೊಮ್ಮೆ ಪರ್ಮಿಷನ್ ಎರರ್ ಬಂದರೆ ಗಾಬರಿ ಬೇಡ. ಜಾಂಗೋ ಟೆಸ್ಟ್‌ಗೆಂದು ಬೇರೆ ಡೇಟಾಬೇಸನ್ನೇ ಮಾಡುತ್ತದೆ. ಅದಕ್ಕೆ ಕ್ರಿಯೇಟ್ ಡಿಬಿ ಹಕ್ಕು ಬೇಕು. ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕೊಡಿ, ಲೈವ್ ಸರ್ವರ್‌ನಲ್ಲಿ ಬೇಡ.

ಇಷ್ಟಾದ ಮೇಲೂ ಮೈಗ್ರೇಟ್ ನಿಂತರೆ, ಪಿಎಸ್‌ಕ್ಯೂಎಲ್‌ನಲ್ಲಿ (ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಪ್ರೋಗ್ರಾಂ) ಡೇಟಾಬೇಸ್‌ಗಳ ಪಟ್ಟಿ ತೆಗೆದು ಓನರ್ ಮತ್ತು ಎನ್‌ಕೋಡಿಂಗ್ ಕಾಲಂಗಳಲ್ಲಿ ಏನಿದೆ ಎಂದು ಇಲ್ಲೇ ಕೆಳಗೆ ಬರೆಯಿರಿ. ಪಾಸ್‌ವರ್ಡ್ ಮಾತ್ರ ಹಾಕಬೇಡಿ.