ರಿಪೋರ್ಟ್ ನಾರ್ಮಲ್, ಆದರೆ ಸುಸ್ತು ಹೋಗ್ತಿಲ್ಲ

ಪ್ರಶ್ನೆ: ಡಾಕ್ಟರೇ, ನನಗೆ 43 ವರ್ಷ. ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಟೀಚರ್. ಐದು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೊಳ್ತಿದ್ದೇನೆ, ಈಗ 75 ಮೈಕ್ರೋಗ್ರಾಂ. ಹೋದ ತಿಂಗಳು ಟಿಎಸ್‌ಎಚ್ 2.4 ಬಂತು. "ನಾರ್ಮಲ್ ಇದೆ, ಇದನ್ನೇ ಮುಂದುವರಿಸಿ" ಎಂದು ಎರಡೇ ನಿಮಿಷದಲ್ಲಿ ಕಳಿಸಿಬಿಟ್ಟರು. ಆದರೆ ಮಧ್ಯಾಹ್ನದ ಪೀರಿಯಡ್‌ನಲ್ಲಿ ನಿಂತು ಪಾಠ ಮಾಡಲು ಆಗುವುದಿಲ್ಲ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಮೂರು ವರ್ಷದಲ್ಲಿ ಏಳು ಕೆಜಿ ಏರಿದ್ದೇನೆ. ಹತ್ತು ವರ್ಷ ಹೇಳಿಕೊಟ್ಟ ಪದ್ಯದ ಸಾಲು ಬಾಯಿಗೆ ಬರುವುದಿಲ್ಲ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ, ಹಿಮೋಗ್ಲೋಬಿನ್ 11.2. ನಾನು ಸಸ್ಯಾಹಾರಿ. ಬೆಳಿಗ್ಗೆ ಐದಕ್ಕೆದ್ದು ಮಾತ್ರೆ, ಅದರ ಹಿಂದೆಯೇ ಕಾಫಿ. ತಿಂಡಿಯಾದ ಮೇಲೆ ಕ್ಯಾಲ್ಸಿಯಂ, ಜೊತೆಗೆ ಕೂದಲಿಗೆಂದು ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಬಯೋಟಿನ್. ಮನೆಯಲ್ಲಿ "ರಿಪೋರ್ಟ್ ಸರಿಯಿದೆ ಅಲ್ವಾ, ಸುಮ್ನೆ ತಲೆಗೆ ಹಚ್ಕೊಂಡಿದ್ದೀಯ" ಅಂತಾರೆ. ನಮ್ಮಕ್ಕ "100ರ ಮಾತ್ರೆ ತಗೋ, ನಾನು ಅದರಲ್ಲೇ ಸರಿಹೋದೆ" ಅಂತಾಳೆ. ಇದು ನನ್ನ ಭ್ರಮೆಯಾ? ಡೋಸ್ ಜಾಸ್ತಿ ಮಾಡಿಕೊಳ್ಳಲಾ?

ಉತ್ತರ: ಭ್ರಮೆಯಲ್ಲ. ಈ ಉತ್ತರವನ್ನು ಮನೆಯವರ ಕೈಗೂ ಕೊಟ್ಟು ಓದಿಸಿ. ಮಾತ್ರೆ ತಗೊಂಡು ಟಿಎಸ್‌ಎಚ್ ನಾರ್ಮಲ್ ಆದವರಲ್ಲೂ ನೂರಕ್ಕೆ 5ರಿಂದ 10 ಮಂದಿಗೆ ಸುಸ್ತು, ಮರೆವು, ಮಂಕು ಉಳಿದುಕೊಳ್ಳುತ್ತದೆ. ಇದು ವೈದ್ಯರಿಗೆ ಗೊತ್ತಿರುವ ವಿಷಯವೇ. ಓಪಿಡಿಯ ಸಾಲು ನೋಡಿಕೊಂಡು ಕೂತಾಗ ಹೇಳುವುದಕ್ಕೆ ಪುರಸೊತ್ತು ಸಿಗುವುದಿಲ್ಲ, ಅಷ್ಟೆ. ನಾನೂ ಎಷ್ಟೋ ಸಲ "ನಾರ್ಮಲ್" ಎಂದು ಬರೆದು ಚೀಟಿ ಕೈಗಿಟ್ಟಿದ್ದೇನೆ.

ಟಿಎಸ್‌ಎಚ್ ಏನು ಹೇಳುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಅದು ಥೈರಾಯ್ಡ್‌ನಿಂದ ಬರುವ ಹಾರ್ಮೋನ್ ಅಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. ಮನೆ ಕಟ್ಟುವಲ್ಲಿ ಮೇಸ್ತ್ರಿ ಇರುತ್ತಾನಲ್ಲ, ಹಾಗೆ. ಕೆಲಸ ನಿಧಾನವಾದರೆ ಮೇಸ್ತ್ರಿಯ ದನಿ ಏರುತ್ತದೆ, ಸರಿಯಾಗಿ ನಡೆದರೆ ತಣ್ಣಗಿರುತ್ತದೆ. ಆ ದನಿಯೇ ಟಿಎಸ್‌ಎಚ್. ಸುಮಾರು 0.4ರಿಂದ 4ರ ಒಳಗಿದ್ದರೆ ಮೇಸ್ತ್ರಿಗೆ ಸಮಾಧಾನ ಎಂದರ್ಥ. ಆದರೆ ಅವನು ನೋಡುವುದು ಥೈರಾಯ್ಡ್ ಹಾರ್ಮೋನ್ ಸಾಕಾಯಿತೇ ಎಂಬುದೊಂದನ್ನೇ. ಸಿಮೆಂಟು ಬಂದಿಲ್ಲ, ಮರಳು ಖಾಲಿ ಎಂಬ ಕಾರಣಕ್ಕೆ ಮನೆ ನಿಂತಿದ್ದರೆ ಅದು ಅವನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಪತ್ರ ಓದಿದರೆ ಇಲ್ಲಿ ಸಿಮೆಂಟೇ ಬಂದಿಲ್ಲವೇನೋ ಅನಿಸುತ್ತದೆ.

ಅದಕ್ಕೂ ಮೊದಲು ಒಂದು ಅನುಮಾನ. ಆ 2.4 ನಿಜವಾದ ಸಂಖ್ಯೆಯೇ? ನೀವು ಬಯೋಟಿನ್ ತಗೊಳ್ತಿದ್ದೀರಿ. ನಮಗೆ ದಿನಕ್ಕೆ ಬೇಕಾಗುವ ಬಯೋಟಿನ್ 30-40 ಮೈಕ್ರೋಗ್ರಾಂ. ಕೂದಲಿನ ಮಾತ್ರೆಗಳಲ್ಲಿ ಹೆಚ್ಚಾಗಿ 10 ಮಿಲಿಗ್ರಾಂ ಇರುತ್ತದೆ, ಅಂದರೆ 10,000 ಮೈಕ್ರೋಗ್ರಾಂ. ಕೆಲವು ಲ್ಯಾಬ್ ಯಂತ್ರಗಳು ಹಾರ್ಮೋನ್ ಅಳೆಯುವ ವಿಧಾನದಲ್ಲೇ ಬಯೋಟಿನ್ ಬಳಸುತ್ತವೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 (ಥೈರಾಯ್ಡ್ ಗ್ರಂಥಿಯದೇ ಹಾರ್ಮೋನ್) ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಾಗಾಗಿ ನಿಮ್ಮ ನಿಜವಾದ ಟಿಎಸ್‌ಎಚ್ 2.4ಕ್ಕಿಂತ ಮೇಲಿರುವ ಸಾಧ್ಯತೆ ಇದೆ. ಬಯೋಟಿನ್ ನಿಲ್ಲಿಸಿ. ಕಡೇ ಪಕ್ಷ ಎರಡು ದಿನ ಬೇಕು, ನನ್ನ ಕೇಳಿದರೆ ಒಂದು ವಾರ. ಆಮೇಲೆ ಟಿಎಸ್‌ಎಚ್, ಫ್ರೀ ಟಿ4 ಎರಡನ್ನೂ ಮತ್ತೆ ಮಾಡಿಸಿ. ಬೆಳಿಗ್ಗೆಯೇ ಹೋಗಿ, ಅವತ್ತಿನ ಥೈರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟಾದ ಮೇಲೆ ನುಂಗಿ.

ಇನ್ನು ಕಾಫಿ. ಮಾತ್ರೆಯ ಹಿಂದೆಯೇ ಕಾಫಿ ಕುಡಿದರೆ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಡಬೇಕು. ಐದಕ್ಕೆ ಏಳುವವರಿಗೆ ಆರರವರೆಗೆ ಕಾಫಿ ಇಲ್ಲ ಎನ್ನುವುದು ಶಿಕ್ಷೆಯೇ, ಗೊತ್ತು. ಆಗದಿದ್ದರೆ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವಾಗ ತಗೊಳ್ಳಬಹುದು. ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು, ಅದನ್ನು ಮಧ್ಯಾಹ್ನದ ಊಟಕ್ಕೆ ಸರಿಸಿ. ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಹೀಗೆ ಅಭ್ಯಾಸ ಬದಲಾಯಿಸಿದ ಮೇಲೆ 6-8 ವಾರ ಬಿಟ್ಟು ಟಿಎಸ್‌ಎಚ್ ಮತ್ತೊಮ್ಮೆ ನೋಡಲೇಬೇಕು. ಮಾತ್ರೆ ಚೆನ್ನಾಗಿ ಹತ್ತಿದರೆ ಅದೇ 75 ನಿಮಗೆ ಜಾಸ್ತಿಯೂ ಆಗಬಹುದು.

ಈಗ ಸಿಮೆಂಟಿನ ವಿಷಯ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ನಿಮ್ಮದು 11.2. "ನಮ್ಮ ಕಡೆ ಎಲ್ಲರಿಗೂ ಇಷ್ಟೇ ಇರುತ್ತೆ" ಎಂದು ಇದನ್ನು ತಳ್ಳಿಹಾಕುವುದು ದಿನಾ ನೋಡುತ್ತೇನೆ, ಕೋಪ ಬರುತ್ತದೆ. ಎಲ್ಲರಿಗೂ ಇದ್ದ ಮಾತ್ರಕ್ಕೆ ಸರಿ ಎಂದಾಗುತ್ತದೆಯೇ? ಫೆರಿಟಿನ್ ಪರೀಕ್ಷೆ ಮಾಡಿಸಿ. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ಅದು ಹೇಳುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದು ಫೆರಿಟಿನ್ ಮಾತ್ರ ಕೆಳಗಿದ್ದರೂ ಸುಸ್ತಾಗುತ್ತದೆ, ಕೂದಲು ಉದುರುತ್ತದೆ. ನೀವು ಬಯೋಟಿನ್‌ಗೆ ಹಾಕಿದ ದುಡ್ಡು ಬಹುಶಃ ಕಬ್ಬಿಣಕ್ಕೆ ಹೋಗಬೇಕಿತ್ತು. ಕಬ್ಬಿಣದ ಮಾತ್ರೆ ಶುರುವಾದರೆ ಅದಕ್ಕೂ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ. ಹಾಗೆಯೇ ರಕ್ತ ಯಾಕೆ ಜಾಸ್ತಿ ಹೋಗುತ್ತಿದೆ ಎಂಬುದನ್ನು ಸ್ತ್ರೀರೋಗ ತಜ್ಞರಿಗೆ ತೋರಿಸಿ, ಒಂದು ಸ್ಕ್ಯಾನ್ ಆಗಲಿ. ಥೈರಾಯ್ಡ್ ಕಡಿಮೆಯಿದ್ದರೂ ಹೀಗಾಗುತ್ತದೆ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೂ ಆಗುತ್ತದೆ. ಸೋರುವ ಕೊಡಕ್ಕೆ ನೀರು ತುಂಬುತ್ತಾ ಕೂತರೆ ಏನು ಬಂತು?

ವಿಟಮಿನ್ ಬಿ12 ಕೂಡ ನೋಡಿಸಿ. ನೀವು ಸಸ್ಯಾಹಾರಿ ಎಂಬುದು ಒಂದು ಕಾರಣ. ಇನ್ನೊಂದು, ಮೈಯ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ತಿರುಗಿಬಿದ್ದವರಲ್ಲಿ ಅದು ಜಠರದ ಮೇಲೂ ತಿರುಗಿ ಬಿ12 ಹೀರದಂತೆ ಮಾಡುವುದುಂಟು. ಪಾದ ಜುಮುಗುಡುವುದು, ಮರೆವು, ನಾಲಿಗೆ ಉರಿ ಇದ್ದರೆ ತಡ ಮಾಡಬೇಡಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೂ ಬಿ12 ಕಡಿಮೆಯಾಗುತ್ತದೆ.

ಒಂದು ಪ್ರಶ್ನೆಗೆ ಉತ್ತರ ನಿಮಗಿಂತ ನಿಮ್ಮ ಯಜಮಾನರಿಗೆ ಗೊತ್ತಿರುತ್ತದೆ. ನೀವು ಗೊರಕೆ ಹೊಡೆಯುತ್ತೀರಾ? ನಡುವೆ ಉಸಿರು ಕಟ್ಟಿದಂತಾಗುತ್ತದಾ? ಎಂಟು ಗಂಟೆ ಮಲಗಿ ಎದ್ದರೂ ಮಲಗೇ ಇಲ್ಲ ಅನಿಸುವವರಲ್ಲಿ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ, ಸ್ಲೀಪ್ ಆಪ್ನಿಯಾ, ಇರಬಹುದು. ಹೆಂಗಸರು ಗೊರಕೆಯ ಮಾತನ್ನು ಡಾಕ್ಟರ ಮುಂದೆ ಎತ್ತುವುದೇ ಇಲ್ಲ. 43 ಎಂದರೆ ಮುಟ್ಟು ನಿಲ್ಲುವುದಕ್ಕೆ ಮುಂಚಿನ ಏರುಪೇರು ಶುರುವಾಗುವ ವಯಸ್ಸೂ ಹೌದು. ನಿದ್ದೆ ಕೆಡುವುದು, ಮರೆವು, ತೂಕ ಎಲ್ಲವೂ ಥೈರಾಯ್ಡ್‌ನದೇ ವೇಷ ಹಾಕಿ ಬರುತ್ತವೆ.

ತೂಕದ ಬಗ್ಗೆ ಹೇಳಿದರೆ ನಿಮಗೆ ಬೇಜಾರಾಗಬಹುದು. ಥೈರಾಯ್ಡ್ ಕಡಿಮೆಯಾದಾಗ ಏರುವುದು ಸಾಮಾನ್ಯವಾಗಿ 2ರಿಂದ 5 ಕೆಜಿ, ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು ನೀರು. ಟಿಎಸ್‌ಎಚ್ ನಿಜಕ್ಕೂ ಸರಿಯಿದ್ದರೆ ಆ ಏಳು ಕೆಜಿಯನ್ನು ಪೂರ್ತಿ ಅದರ ಲೆಕ್ಕಕ್ಕೆ ಬರೆಯಲು ಆಗುವುದಿಲ್ಲ.

ಅಕ್ಕನ ಸಲಹೆ ಮಾತ್ರ ಬೇಡ. ಪರೀಕ್ಷೆ ಹೇಳದೆ ಡೋಸ್ ಏರಿಸಿದರೆ ಎದೆಬಡಿತದ ಲಯ ತಪ್ಪಬಹುದು, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆ ಸವೆಯುತ್ತದೆ. 2018ರಲ್ಲಿ ಅಮೆರಿಕದಲ್ಲಿ ಒಂದು ಸ್ವಾರಸ್ಯದ ಅಧ್ಯಯನ ಪ್ರಕಟವಾಯಿತು. 138 ಮಂದಿಗೆ ಯಾರಿಗೆ ಎಷ್ಟು ಡೋಸ್ ಎಂದು ಹೇಳದೆ ಬೇರೆ ಬೇರೆ ಡೋಸ್ ಕೊಟ್ಟು ಆರು ತಿಂಗಳು ನೋಡಿದರು. ಮನಸ್ಸು, ನೆನಪು, ಹುರುಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಮ್ಮ ಡೋಸ್ ಏರಿತೋ ಇಳಿಯಿತೋ ಎಂದು ಅವರಿಗೆ ಹೇಳಲಿಕ್ಕೇ ಆಗಲಿಲ್ಲ. ಆದರೆ ಯಾವುದು ಜಾಸ್ತಿ ಡೋಸ್ ಎಂದು ಅವರಿಗೆ ಅನಿಸಿತೋ ಅದೇ ಚೆನ್ನಾಗಿತ್ತು ಎಂದರು! ನಿಮ್ಮಕ್ಕ ಸುಳ್ಳು ಹೇಳುತ್ತಿಲ್ಲ. ಅವರ ಮೈಗೆ 100 ಬೇಕಿತ್ತೇನೋ.

ಇಷ್ಟೆಲ್ಲ ನೋಡಿದ ಮೇಲೂ ಏನೂ ಸಿಗದವರು ಇದ್ದಾರೆ. ನಾವು ಕೊಡುವ ಮಾತ್ರೆ ಟಿ4 ಮಾತ್ರ. ಮೈ ಅದನ್ನು ಟಿ3 ಆಗಿ ಬದಲಾಯಿಸಿಕೊಂಡು ಬಳಸುತ್ತದೆ. ಆರೋಗ್ಯವಂತರಲ್ಲಿ ಟಿ3ಯ ಸುಮಾರು ಐದರಲ್ಲೊಂದು ಪಾಲನ್ನು ಥೈರಾಯ್ಡ್ ನೇರವಾಗಿಯೇ ಕೊಡುತ್ತದೆ, ಮಾತ್ರೆ ನುಂಗುವವರಿಗೆ ಆ ಪಾಲು ಕಡಿಮೆ. ಹಾಗಾದರೆ ಟಿ3 ಮಾತ್ರೆಯನ್ನೂ ಸೇರಿಸಿ ಕೊಟ್ಟರೆ? ಹಲವು ಪ್ರಯೋಗ ನಡೆದಿವೆ. ಒಟ್ಟಾರೆ ನೋಡಿದರೆ ಟಿ4 ಒಂದಕ್ಕಿಂತ ಅದು ಮೇಲು ಎಂದು ಸಾಬೀತಾಗಿಲ್ಲ. ಆದರೂ ಬೇರೆ ಕಾರಣಗಳನ್ನೆಲ್ಲ ತೆಗೆದುಹಾಕಿದ ಮೇಲೆ, ಹೃದಯದ ತೊಂದರೆ ಇಲ್ಲದವರಿಗೆ, ಕೆಲವು ತಿಂಗಳ ಮಟ್ಟಿಗೆ ಹಾರ್ಮೋನ್ ತಜ್ಞರ (ಎಂಡೋಕ್ರೈನಾಲಜಿಸ್ಟ್) ಕಣ್ಗಾವಲಿನಲ್ಲಿ ಕೊಟ್ಟು ನೋಡುವುದುಂಟು. ಅದು ನಿಮ್ಮ ಮೊದಲ ಹೆಜ್ಜೆಯಲ್ಲ.

ಒಂದು ಅಪರೂಪದ ಕಾಯಿಲೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಬಿಟ್ಟರೆ ಜೀವಕ್ಕೆ ಅಪಾಯ. ಸುಸ್ತಿನ ಜೊತೆ ತೂಕ ಇಳಿಯುತ್ತಿದೆ, ಎದ್ದು ನಿಂತರೆ ತಲೆ ಸುತ್ತುತ್ತದೆ, ಚರ್ಮ ಕಪ್ಪಾಗುತ್ತಿದೆ, ಉಪ್ಪು ತಿನ್ನಬೇಕು ಅನಿಸುತ್ತದೆ ಎಂದಾದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋತಿರಬಹುದು. ನಿಮ್ಮದು ಹಾಗೆ ಕಾಣುವುದಿಲ್ಲ. ಓದುತ್ತಿರುವ ಬೇರೆ ಯಾರಿಗಾದರೂ ಹೀಗಿದ್ದರೆ ಇವತ್ತೇ ಹೋಗಿ ತೋರಿಸಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ "ಸುಸ್ತು" ಎಂದಷ್ಟೇ ಹೇಳಬೇಡಿ. ನನಗೆ ಬರೆದ ಹಾಗೆಯೇ ಹೇಳಿ, ಮಧ್ಯಾಹ್ನ ನಿಂತು ಪಾಠ ಮಾಡಲು ಆಗುವುದಿಲ್ಲ, ಪದ್ಯ ಮರೆಯುತ್ತದೆ ಅಂತ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು, ಬಾಟಲಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಿಮ್ಮ ಬಯೋಟಿನ್ ವಿಷಯ ಆ ಡಾಕ್ಟರಿಗೆ ಗೊತ್ತೇ ಇರಲಿಲ್ಲ ಎಂದುಕೊಂಡಿದ್ದೇನೆ.

ಪ್ರಶ್ನೆ: ನನಗೆ 29, ಬೆಂಗಳೂರು. ಟಿಎಸ್‌ಎಚ್ 3.1, ಟಿ4 ನಾರ್ಮಲ್, ಆದರೆ ಆಂಟಿ-ಟಿಪಿಒ ಪಾಸಿಟಿವ್. ತುಂಬಾ ಸುಸ್ತು. ಈಗಲೇ ಮಾತ್ರೆ ಶುರು ಮಾಡಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಆಂಟಿ-ಟಿಪಿಒ ಎಂದರೆ ಥೈರಾಯ್ಡ್ ಮೇಲೆ ತಿರುಗಿಬಿದ್ದ ರೋಗನಿರೋಧಕ ಶಕ್ತಿಯ ಆಂಟಿಬಾಡಿ. ಅದು ಇದೆ ಎಂದರೆ ಮುಂದೆ ಥೈರಾಯ್ಡ್ ಕುಗ್ಗುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ನಿಮ್ಮಂಥ ನೂರು ಹೆಂಗಸರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಹಾಗಾಗುತ್ತದೆ. ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿದರೆ ಸಾಕು, ಆಂಟಿಬಾಡಿಯನ್ನು ಮತ್ತೆ ಮತ್ತೆ ಅಳೆಯುವುದು ದುಡ್ಡು ದಂಡ. ಮಗುವಿನ ಯೋಚನೆ ಇದ್ದರೆ ಮಾತ್ರ ಮೊದಲೇ ಹೇಳಿ, ಆಗ ಲೆಕ್ಕ ಬೇರೆ. ಸುಸ್ತಿಗೆ ನಿಮಗೂ ಫೆರಿಟಿನ್, ಬಿ12 ಮೊದಲು.

ಪ್ರಶ್ನೆ: ಎಲೆಕೋಸು, ಹೂಕೋಸು ಬಿಟ್ಟು ಎರಡು ವರ್ಷವಾಯಿತು. ಏನೂ ಸುಧಾರಿಸಿಲ್ಲ. ರಾಗಿಯನ್ನೂ ಬಿಡಲಾ?

ಉತ್ತರ: ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ, ಬೇಯಿಸಿದ ಕೋಸನ್ನು ಪಲ್ಯ, ಹುಳಿಯಲ್ಲಿ ತಿನ್ನುವಷ್ಟು ತಿಂದರೆ ಏನೂ ಆಗುವುದಿಲ್ಲ. ಅದೂ ನೀವು ಮಾತ್ರೆ ತಗೊಳ್ತಿದ್ದರೆ ಹಾರ್ಮೋನ್ ಹೊರಗಿನಿಂದಲೇ ಬರುತ್ತಿದೆಯಲ್ಲ. ಮುದ್ದೆ ಬಿಡಬೇಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಹಾಗಾಗಿ ಹಾಲು ಹಾಕಿದ ರಾಗಿ ಗಂಜಿಯನ್ನು ಮಾತ್ರೆ ನುಂಗಿದ ತಕ್ಷಣ ಕುಡಿಯಬೇಡಿ, ಒಂದು ಗಂಟೆ ಬಿಡಿ. ಮಾತ್ರೆಯ ಬಾಟಲಿ ಒಲೆಯ ಮೇಲಿನ ಗೂಡಿನಲ್ಲಿದ್ದರೆ ಅಲ್ಲಿಂದ ತೆಗೆದಿಡಿ, ಬಿಸಿಗೆ ಅದು ಕೆಡುತ್ತದೆ.