ಮೂರನೇ ಹತ್ತು ಅವಳದು

ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ಕರಡನ್ನು ಅವಳೇ ಓದಿದಳು. ಎರಡು ಕಡೆ ಗೆರೆ ಎಳೆದು ‘ಇದು ಬೇಡ ಮೇಡಂ’ ಅಂದಳು. ತೆಗೆದಿದ್ದೇನೆ.

ಲವೀನಾ ಅಂತ ಕರೆಯೋಣ. ವಯಸ್ಸು 24. ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ಅವಳ ಅಪ್ಪ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವರು. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಒಬ್ಬ ತಮ್ಮ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ನಾನು ಆಪ್ತಸಮಾಲೋಚಕಿ. ಗೋಣಿಕೊಪ್ಪದ ನನ್ನ ರೂಮಿಗೆ ಅವಳು ಮೊದಲ ಸಲ ಬಂದದ್ದು ಜೂನ್ ತಿಂಗಳ ಜಡಿಮಳೆಯಲ್ಲಿ. ಒದ್ದೆ ಕೊಡೆ ಒಳಗಿಡೋದಾ ಹೊರಗಿಡೋದಾ ಅಂತ ಬಾಗಿಲಲ್ಲೇ ಸುಮಾರು ಹೊತ್ತು ನಿಂತಿದ್ದಳು. ನಿದ್ದೆ ಬರಲ್ಲ, ರಾತ್ರಿ ಮೂರು ಗಂಟೆಗೆ ಎದೆ ಡವಡವ ಅಂತ ಎಚ್ಚರ ಆಗುತ್ತೆ ಅಂದಳು. ಇಸಿಜಿ, ಥೈರಾಯ್ಡ್ ಎಲ್ಲ ಮಾಡಿಸಿದ್ದಳು. ಏನೂ ಸಿಕ್ಕಿರಲಿಲ್ಲ.

‘ಎಚ್ಚರ ಆದಾಗ ಏನು ನೆನಪಾಗುತ್ತೆ?’

‘ನರಕ’ ಅಂದಳು. ಆಮೇಲೆ ನಕ್ಕುಬಿಟ್ಟಳು. ‘ನಗು ಬರುತ್ತೆ ಅಲ್ವಾ ಮೇಡಂ. ನರಕ ಇದೆ ಅಂತ ನಾನು ಈಗ ನಂಬೋದೂ ಇಲ್ಲ.’

ನನಗೆ ನಗು ಬರಲಿಲ್ಲ. ನಂಬಿಕೆ ಸಡಿಲ ಆದ ಮೇಲೂ ಹೆದರಿಕೆ ಮೈಯಲ್ಲಿ ಉಳಿದುಬಿಡೋದು ಹೊಸದೇನಲ್ಲ. ಐದು ವರ್ಷದ ಮಗು ಕಲಿತ ಹೆದರಿಕೆಗೆ ಇಪ್ಪತ್ತನಾಲ್ಕರ ಬುದ್ಧಿ ಹೇಳಿದ್ದು ಬೇಗ ಕೇಳಿಸಲ್ಲ.

ಮನೆಯ ಸಂಗತಿ ಹೀಗೆ. ಸಂಜೆ ಏಳಕ್ಕೆ ತೇರ್ಸ್, ಅಂದರೆ ಜಪಸರ. ಕರೆಂಟ್ ಹೋಗಲಿ, ನೆಂಟರು ಬರಲಿ, ತೋಟದೊಳಗೆ ಆನೆ ಬರಲಿ, ಏಳು ಅಂದರೆ ಏಳು. ಹತ್ತತ್ತು ‘ನಮೋ ಮರಿಯ’ದ ಐದು ಸುತ್ತು. ಒಂದೊಂದು ಸುತ್ತನ್ನು ಒಬ್ಬೊಬ್ಬರು ಹೇಳಿಕೊಡಬೇಕು, ಉಳಿದವರು ಉತ್ತರ ಹೇಳಬೇಕು. ಅಪ್ಪನದು ಮೊದಲನೇದು, ಅಮ್ಮನದು ಎರಡನೇದು. ಮೂರನೇ ಹತ್ತು ಲವೀನಾಳದು. ತಮ್ಮನದು ನಾಲ್ಕನೇದು. ಕೊನೆಯದು ಅಜ್ಜಿಯದಾಗಿತ್ತು, ಅವರು ತೀರಿಕೊಂಡ ಮೇಲೆ ಮತ್ತೆ ಅಪ್ಪನದು. ಮೈಸೂರಿನಲ್ಲಿ ಓದುವಾಗ ಹಾಸ್ಟೆಲ್‌ನಿಂದ ಫೋನ್ ಮಾಡಿ ಸ್ಪೀಕರಿನಲ್ಲಿ ತನ್ನ ಹತ್ತು ಹೇಳುತ್ತಿದ್ದಳಂತೆ. ಈಗ ಓದು ಮುಗಿಸಿ ಮನೆಗೆ ಬಂದಿದ್ದಾಳೆ. ಆನ್‌ಲೈನ್ ಕೆಲಸ. ಬಾಯಿ ಹೇಳುತ್ತೆ, ಒಳಗೆ ಏನೂ ಇಲ್ಲ. ‘ಪಪ್ಪನ ಪಕ್ಕ ಕೂತು ದಿನಾ ಸುಳ್ಳು ಹೇಳಿದ ಹಾಗಾಗುತ್ತೆ’ ಅಂದಳು.

ಇಂಥ ಕಥೆ ಕೇಳಿದಾಗ ವಿಜ್ಞಾನ ಓದಿ ನಂಬಿಕೆ ಹೋಯಿತು ಅಂತ ಹಲವರು ಅಂದುಕೊಳ್ಳುತ್ತಾರೆ. ಲವೀನಾಳಿಗೆ ವಿಕಾಸವಾದ ತೊಡಕೇ ಆಗಿರಲಿಲ್ಲ. ಅದು ಬರೀ ಊಹೆಗಿಂತ ಹೆಚ್ಚಿನದು ಅಂತ ಪೋಪ್ ಎರಡನೇ ಜಾನ್ ಪೌಲ್ ಅವರೇ 1996ರಲ್ಲಿ ಹೇಳಿದ್ದು ಅವಳಿಗೆ ಗೊತ್ತಿತ್ತು. ಅವಳ ಪ್ರಶ್ನೆ ಹುಟ್ಟಿದ್ದು 2018ರ ಆಗಸ್ಟ್‌ನಲ್ಲಿ. ಮಡಿಕೇರಿ ಸುತ್ತ ಗುಡ್ಡಗಳು ಜಾರಿದ ಆ ವಾರ ಮಕ್ಕಂದೂರು ಕಡೆ ಅವಳ ಚಿಕ್ಕಪ್ಪನ ಮನೆಯೂ ಅಪಾಯದಲ್ಲಿತ್ತು. ಇವರ ಮನೆಯಲ್ಲಿ ರಾತ್ರಿಯಿಡೀ ಜಪ. ಮನೆ ಉಳಿಯಿತು. ಮುಂದಿನ ಭಾನುವಾರ ಎಲ್ಲರ ಬಾಯಲ್ಲೂ ಒಂದೇ ಮಾತು: ‘ದೇವರು ನಮ್ಮ ಪ್ರಾರ್ಥನೆ ಕೇಳಿದ.’ ಅದೇ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಅವಳ ಕ್ಲಾಸಿನ ಹುಡುಗಿಯ ಮಾವ ಮಣ್ಣಿನಡಿ ಹೋಗಿದ್ದರು.

‘ಅವರ ಮನೆಯಲ್ಲೂ ದಿನಾ ದೀಪ ಹಚ್ಚುತ್ತಿದ್ದರು ಮೇಡಂ. ಅವರದ್ದು ಯಾಕೆ ಕೇಳಿಸಲಿಲ್ಲ?’

ಹದಿನೇಳರ ಹುಡುಗಿ ಇದನ್ನು ಧರ್ಮೋಪದೇಶದ ತರಗತಿಯಲ್ಲಿ ಕೇಳಿದಳು. ಅಂಥ ಪ್ರಶ್ನೆ ಸೈತಾನ ಕೇಳಿಸೋದು ಅಂತ ಉತ್ತರ ಬಂತು. ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಅವತ್ತಿಂದ ಪ್ರಶ್ನೆ ಬಂದಾಗಲೆಲ್ಲ ಹೆದರಿಕೆಯೂ ಜೊತೆಯಲ್ಲೇ ಬರತೊಡಗಿತು. ಪ್ರಶ್ನೆ ಬಂದರೆ ಪಾಪ, ಪಾಪಕ್ಕೆ ಪಾಪನಿವೇದನೆ, ಅಂದರೆ ಫಾದರ್ ಹತ್ತಿರ ಪಾಪ ಹೇಳಿಕೊಳ್ಳೋದು. ಕಳೆದ ವರ್ಷ ವಾರಕ್ಕೆ ಎರಡು ಸಲ ಹೋಗುತ್ತಿದ್ದಳು. ಒಬ್ಬರೇ ಫಾದರಿಗೆ ಗುರುತು ಸಿಗಬಾರದು ಅಂತ ಬಸ್ ಹತ್ತಿ ಬೇರೆ ಊರಿನ ಚರ್ಚಿಗೂ ಹೋಗುತ್ತಿದ್ದಳು. ಹೊರಗೆ ಬಂದ ಹತ್ತು ನಿಮಿಷಕ್ಕೆ ‘ಸರಿಯಾಗಿ ಹೇಳಿದೆನಾ’ ಅಂತ ಮತ್ತೆ ಶುರು.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ‘ಚರ್ಚ್ ಬಿಟ್ಟುಬಿಟ್ಟರೆ ಹೇಗಿರುತ್ತೆ, ಊಹಿಸಿ ನೋಡು’ ಅಂದೆ. ಅವಳು ಬ್ಯಾಗನ್ನು ತೊಡೆ ಮೇಲೆ ಎಳೆದುಕೊಂಡಳು. ‘ನಾನು ಬಿಡೋಕೆ ಬಂದಿಲ್ಲ’ ಅಂದಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವಳಿಗಿಂತ ಮುಂದೆ ಓಡಿದ್ದು ನಾನು. ತಪ್ಪಾಯಿತು ಅಂತ ಮೆಸೇಜ್ ಹಾಕಿದೆ. ಮೂರು ವಾರ ಬಿಟ್ಟು ಬಂದಳು, ಬಂದವಳೇ ಕೇಳಿದಳು: ‘ನೀವು ದೇವರನ್ನು ನಂಬ್ತೀರಾ?’

ಸಾಮಾನ್ಯವಾಗಿ ಇದಕ್ಕೆ ನಾನು ಉತ್ತರ ಕೊಡಲ್ಲ. ಅವತ್ತು ಕೊಟ್ಟೆ. ನಾನು ಕೊಡವ ಮನೆಯವಳು. ನಮ್ಮ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ‘ನೀನು ಗುರುಕಾರೋಣನನ್ನು ನಂಬ್ತೀಯಾ’ ಅಂತ ನನ್ನನ್ನು ಯಾರೂ ಕೇಳಿದ್ದೇ ಇಲ್ಲ. ಗುರುಕಾರೋಣ ಅಂದರೆ ಮನೆತನದ ಮೂಲಪುರುಷ. ಪುತ್ತರಿ ಹಬ್ಬಕ್ಕೆ ಬಂದೆಯಾ, ದೀಪದ ಮುಂದೆ ನಿಂತೆಯಾ, ಹಿರಿಯರ ಕಾಲು ಮುಟ್ಟಿದೆಯಾ, ಅಷ್ಟೇ. ಒಳಗೆ ಏನಿದೆ ಅಂತ ಯಾರೂ ಇಣುಕಲ್ಲ. ಹಾಗಾಗಿ ನಾನು ನಂಬ್ತೀನಾ ಇಲ್ವಾ ಅಂತ ನನಗೇ ಸರಿಯಾಗಿ ಗೊತ್ತಿಲ್ಲ ಅಂದೆ.

ಅವಳು ತುಂಬ ಹೊತ್ತು ಸುಮ್ಮನಿದ್ದಳು. ‘ನಮ್ಮಲ್ಲಿ ಪ್ರತಿ ಭಾನುವಾರ ಎದ್ದು ನಿಂತು ಹೇಳಬೇಕು’ ಅಂದಳು. ನಿಜ. ಪೂಜೆಯಲ್ಲಿ ಎಲ್ಲರೂ ತಮ್ಮ ನಂಬಿಕೆಯನ್ನು ಹೇಳಿಕೊಳ್ಳುವ ವಿಶ್ವಾಸ ಸಂಗ್ರಹ ಶುರುವಾಗೋದೇ ‘ವಿಶ್ವಾಸಿಸುತ್ತೇನೆ’ ಅಂತ. 325ರ ನೈಸಿಯಾ ಸಭೆಯಲ್ಲಿ ಬಿಷಪ್ಪರು ಕೂಡಿ ಒಪ್ಪಿದ ಮಾತುಗಳಿಗೆ ನಂಟಿರುವ ಸಾಲುಗಳನ್ನು ತೋಟದ ರೈಟರ್ ಮಗಳು ತನ್ನ ಬಾಯಲ್ಲಿ, ತನ್ನ ಹೆಸರಲ್ಲಿ ಹೇಳಬೇಕು. ಅವಳ ಕಷ್ಟದ ಆಕಾರ ನನಗೆ ಕಂಡದ್ದು ಆಗ. ಹಬ್ಬಕ್ಕೆ ಹೋಗಿ ಬಂದರೆ ಸಾಕಾಗುವ ನನ್ನಂಥವರ ಅಳತೆಗೋಲಿನಿಂದ ‘ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀಯ’ ಅನ್ನೋದು ಸುಲಭ. ಅವಳಿಗೆ ಅದು ಉಪಯೋಗಕ್ಕೆ ಬರಲ್ಲ.

ಮೊದಲು ನಿದ್ದೆ ಸರಿ ಮಾಡಿದೆವು. ರಾತ್ರಿ ಎರಡರ ತನಕ ದೇವರಿದ್ದಾನೆ, ದೇವರಿಲ್ಲ ಅನ್ನುವ ವಾದಗಳನ್ನು ಯೂಟ್ಯೂಬಿನಲ್ಲಿ ನೋಡುತ್ತಿದ್ದಳು, ಎರಡೂ ಕಡೆಯವರದ್ದು. ಒಂಬತ್ತರ ಮೇಲೆ ಬೇಡ ಅಂದೆ. ಮೂರು ಗಂಟೆಗೆ ಎಚ್ಚರ ಆದರೆ ನರಕ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡಲು ಕೂರಬೇಡ, ಎದ್ದು ನೀರು ಕುಡಿ, ಪಾದ ನೆಲಕ್ಕೆ ಊರಿ ಕೂತು ಉಸಿರನ್ನು ನಿಧಾನ ಬಿಡು, ‘ಇದು ಹಳೇ ಹೆದರಿಕೆ, ಹತ್ತು ಹದಿನೈದು ನಿಮಿಷಕ್ಕೆ ಇಳಿಯುತ್ತೆ’ ಅಂತ ಜೋರಾಗಿ ಹೇಳಿಕೋ ಅಂತ ಕಲಿಸಿದೆ. ಸಾಯಬೇಕು ಅನಿಸಿದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದಳು. ಆದರೂ ಟೆಲಿ ಮಾನಸ್ ಸಹಾಯವಾಣಿ 14416ನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ಪಾಪನಿವೇದನೆಗೆ ಮತ್ತೆ ಮತ್ತೆ ಓಡುವುದು ಗೀಳಿನ ಲಕ್ಷಣ ಇದ್ದ ಹಾಗಿತ್ತು, ಹಾಗಾಗಿ ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಸಣ್ಣ ಪ್ರಮಾಣದ ಮಾತ್ರೆ ಬರೆದರು.

ಈ ಗೀಳು ಚರ್ಚಿಗೇ ಹೊಸದಲ್ಲ. ಸಂತ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮಾನ್ರೇಸಾದಲ್ಲಿ ಇದೇ ಕಾಟದಲ್ಲಿ ನರಳಿ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ಹೇಳಿದ ಪಾಪವನ್ನು ಮತ್ತೆ ಹೇಳಬೇಡ ಅಂತ ಪಾಪನಿವೇದನೆ ಕೇಳುವ ಗುರುಗಳೇ ಅವರಿಗೆ ಹೇಳಿದ್ದುಂಟು. ಇದನ್ನು ಹೇಳಿದಾಗ ಲವೀನಾಳ ಭುಜ ಇಳಿದದ್ದು ಕಣ್ಣಿಗೆ ಕಂಡಿತು. ನಿನಗೆ ಹಿಡಿಸುವ ಒಬ್ಬರೇ ಫಾದರನ್ನು ಆರಿಸಿಕೋ, ತಿಂಗಳಿಗೊಮ್ಮೆ ಮಾತ್ರ ಹೋಗು, ಅವರ ಹತ್ತಿರ ಪಾಪದ ಬದಲು ಪ್ರಶ್ನೆ ಹೇಳು ಅಂದೆ. ಒಬ್ಬ ವಯಸ್ಸಾದವರನ್ನು ಆರಿಸಿಕೊಂಡಳು. ಅವರೇನು ಹೇಳಿದರೋ ನಾನು ಕೇಳಿಲ್ಲ.

ಬೈಬಲ್ ಓದೋದನ್ನು ಬಿಡಿಸಲಿಲ್ಲ. ಅವಳೇ ಒಂದು ದಿನ ಲೂಕನ ಶುಭಸಂದೇಶದ 13ನೇ ಅಧ್ಯಾಯ ಫೋನಿನಲ್ಲಿ ತೋರಿಸಿದಳು. ಸಿಲೋವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರು ಅಂದುಕೊಂಡಿದ್ದೀರಾ, ಖಂಡಿತ ಇಲ್ಲ ಅಂತ ಯೇಸು ಅನ್ನುತ್ತಾರೆ. ‘ಗುಡ್ಡ ಬಿದ್ದ ವರ್ಷ ಇದನ್ನು ಯಾಕೆ ಯಾರೂ ಓದಿ ಹೇಳಲಿಲ್ಲ?’ ಅಂದಳು. ಗಂಟಲು ಕಟ್ಟಿತ್ತು. ಅದರ ಮುಂದಿನ ಮಾತು ಅಷ್ಟು ಸಮಾಧಾನದ್ದಲ್ಲ, ಪಶ್ಚಾತ್ತಾಪ ಪಡದಿದ್ದರೆ ನೀವೂ ಹಾಗೇ ನಾಶವಾಗುತ್ತೀರಿ ಅಂತ ಬರುತ್ತೆ. ಅದನ್ನೂ ಅವಳೇ ತೋರಿಸಿದಳು. ಪ್ರಶ್ನೆ ಬಗೆಹರಿಯಲಿಲ್ಲ. ಆದರೆ ಅದನ್ನು ಕೇಳಿದ್ದಕ್ಕೆ ಅವಳು ಸೈತಾನನ ಕಡೆಯವಳಲ್ಲ ಅನ್ನೋದು ಅವಳ ಪುಸ್ತಕದಲ್ಲೇ ಸಿಕ್ಕಿತು.

ಭಾನುವಾರದ ವಿಷಯದಲ್ಲಿ ನಾನು ಕೊಟ್ಟ ಸಲಹೆ ಸಣ್ಣದು. ಪೂಜೆಗೆ ಹೋಗಬೇಕು ಅನಿಸಿದರೆ ಹೋಗು. ಹೇಳಲು ಆಗದ ಸಾಲು ಬಂದಾಗ ಬಾಯಿ ಮುಚ್ಚಿ ನಿಲ್ಲು. ಎದ್ದು ಹೋಗಿ ಪರಮಪ್ರಸಾದ ತೆಗೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಬೆಂಚಿನಲ್ಲೇ ಕೂರು. ಸಣ್ಣ ಊರು, ಯಾರು ಎದ್ದರು ಯಾರು ಏಳಲಿಲ್ಲ ಅಂತ ಹಿಂದಿನ ಸಾಲಿಗೆ ಲೆಕ್ಕ ಇರುತ್ತೆ. ಯಾರಾದರೂ ಕೇಳಿದರೆ ‘ಇವತ್ತು ಹೋಗಲಿಲ್ಲ ಆಂಟಿ’ ಅಂದರೆ ಮುಗಿಯಿತು, ಕಾರಣ ಕೊಡುವ ಸಾಲ ನಿನ್ನ ಮೇಲಿಲ್ಲ. ಮನೆಯಲ್ಲಿ ‘ನಾನು ನಂಬಲ್ಲ’ ಅಂತ ಘೋಷಣೆ ಮಾಡಲು ಹೋಗಬೇಡ. ಅದು ಇನ್ನೂ ನಿಜವೂ ಅಲ್ಲ. ‘ನನಗೆ ಪ್ರಶ್ನೆಗಳಿವೆ, ಹೇಳಿಕೊಡುವಾಗ ಕಷ್ಟ ಆಗ್ತಿದೆ’ ಅನ್ನೋದು ನಿಜ. ಅಷ್ಟನ್ನೇ ಹೇಳು.

ಹೇಳಿದಳು. ಮನೆಯಲ್ಲಿ ಬಿರುಗಾಳಿ. ಅಮ್ಮ ಅತ್ತರು, ಕೇರಳದ ಧ್ಯಾನಕೂಟಕ್ಕೆ ಐದು ದಿನ ಕಳಿಸುತ್ತೇನೆ ಅಂದರು. ಅಪ್ಪ ಮಾತೇ ಆಡಲಿಲ್ಲ. ಸೆಪ್ಟೆಂಬರಿನಲ್ಲಿ ಅವರೇ ನನ್ನ ಹತ್ತಿರ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಶುರು ಮಾಡಿದ್ದು ಚರಿತ್ರೆಯಿಂದ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಹಿಡಿದುಕೊಂಡು ಹೋದದ್ದು, ತಪ್ಪಿಸಿಕೊಂಡ ಕೆಲವರು ಕೊಡಗಿಗೆ ಬಂದದ್ದು, ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ ಆದದ್ದು. ‘ನಮ್ಮ ಹಿರಿಯರು ಇದನ್ನು ಬಿಡದೆ ಕಾಡು ದಾಟಿ ಬಂದವರು ಮೇಡಂ. ಇವಳು ಮೊಬೈಲ್ ನೋಡಿ ಬಿಡ್ತಾಳಂತೆ.’

ವಾದ ಮಾಡಲಿಲ್ಲ. ನಿಮಗೆ ಹೆದರಿಕೆ ಇರುವುದು ಯಾವುದರದ್ದು ಅಂತ ಕೇಳಿದೆ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ‘ನಾನು ಸತ್ತರೆ ನವೆಂಬರ್ ಎರಡಕ್ಕೆ ನನ್ನ ಸಮಾಧಿಗೆ ಬಂದು ಮೇಣದಬತ್ತಿ ಹಚ್ಚೋರು ಯಾರು? ನನ್ನ ಆತ್ಮಕ್ಕೆ ಪೂಜೆ ಇಡಿಸೋರು ಯಾರು?’

ಮಗಳು ಹೆದರಿದ್ದು ನರಕಕ್ಕೆ, ಅಪ್ಪ ಹೆದರಿದ್ದು ಮಗಳು ಮರೆತುಬಿಡೋದಕ್ಕೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಮೇಣದಬತ್ತಿ ಹಚ್ಚೋಕೆ ನನಗೇನೂ ಕಷ್ಟ ಇಲ್ಲ ಪಪ್ಪಾ, ಅಜ್ಜಿಯ ಸಮಾಧಿ ಹುಲ್ಲು ಕೀಳೋದು ಯಾವಾಗಲೂ ನಾನೇ ಅಲ್ವಾ ಅಂದಳು. ಅಪ್ಪನಿಗೆ ನಾನು ಕೇಳಿಕೊಂಡದ್ದು ಇಷ್ಟು: ನೆಂಟರನ್ನು ಕರೆಸಿ ಅವಳ ತಲೆ ಮೇಲೆ ಕೈಯಿಡಿಸಿ ಪ್ರಾರ್ಥನೆ ಮಾಡಿಸಬೇಡಿ, ಅವಳಿಗೆ ಮನಸ್ಸಿಲ್ಲದೆ ಧ್ಯಾನಕೂಟಕ್ಕೆ ಕಳಿಸಬೇಡಿ, ಏಳು ಗಂಟೆಗೆ ಅವಳು ಬಂದು ಕೂತರೆ ಸಾಕು, ಹೇಳಿಕೊಡು ಅನ್ನಬೇಡಿ. ಅವರು ಯೋಚಿಸಿದರು. ‘ಮೂವತ್ತು ವರ್ಷ ಚೆಕ್‌ರೋಲ್ ಬರೆದವನು ನಾನು. ಬಂದವರಿಗೆ ಹಾಜರಿ ಹಾಕಿದ್ದೀನಿ. ಮನಸ್ಸು ಕೆಲಸದಲ್ಲಿತ್ತಾ ಅಂತ ಯಾವತ್ತೂ ಕೇಳಿಲ್ಲ’ ಅಂದರು. ಮಗಳು ನಕ್ಕಳು. ಅವರು ನಗಲಿಲ್ಲ.

ಅಮ್ಮ ಮಾತ್ರ ಇನ್ನೂ ಒಪ್ಪಿಲ್ಲ. ಲವೀನಾಳ ದಿಂಬಿನ ಕೆಳಗೆ ವಾರಕ್ಕೊಂದು ಸಂತರ ಚಿತ್ರ ಸಿಗುತ್ತದಂತೆ. ಎತ್ತಿ ಡ್ರಾಯರಿನಲ್ಲಿಡು, ಅದರ ಬಗ್ಗೆ ಜಗಳ ಬೇಡ ಅಂದಿದ್ದೇನೆ.

ಈಗ ನಿದ್ದೆ ಬರುತ್ತಿದೆ, ಎಚ್ಚರ ತಿಂಗಳಿಗೆ ಎರಡು ಮೂರು ಸಲ. ಮೂರನೇ ಹತ್ತು ಬಂದಾಗ ಅಪ್ಪ ಸ್ವಲ್ಪ ತಡೆದು, ಆಮೇಲೆ ತಮ್ಮನ ಕಡೆ ನೋಡುತ್ತಾರಂತೆ. ಅವನು ಗಡಿಬಿಡಿಯಲ್ಲಿ ಒಮ್ಮೊಮ್ಮೆ ಒಂಬತ್ತಕ್ಕೇ ಮುಗಿಸುತ್ತಾನೆ. ಎಣಿಸುತ್ತಾ ಕೂತ ಲವೀನಾ ಮೊಣಕೈಯಿಂದ ತಿವಿಯುತ್ತಾಳೆ.

ಮೊನ್ನೆ ಹೊಸ ವಿಷಯ ತಂದಳು. ಮಂಗಳೂರಿನಿಂದ ಒಂದು ಸಂಬಂಧ ಬಂದಿದೆ. ಹುಡುಗ ಚೆನ್ನಾಗಿ ಮಾತಾಡುತ್ತಾನೆ, ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಾನೆ. ಮದುವೆಯ ವಿಧಿಯಲ್ಲಿ ಮಕ್ಕಳನ್ನು ಕ್ರಿಸ್ತನ ಹಾಗೂ ಚರ್ಚಿನ ಕಟ್ಟಳೆಯಂತೆ ಬೆಳೆಸುತ್ತೀರಾ ಅಂತ ಇಬ್ಬರನ್ನೂ ಕೇಳುತ್ತಾರೆ. ಅದಕ್ಕೇನು ಅನ್ನಲಿ ಅಂತ ಅವಳ ಪ್ರಶ್ನೆ. ಆ ದಿನದ ತನಕ ಇಟ್ಟುಕೊಳ್ಳಬೇಡ, ಮಾತು ಮುಂದುವರಿಯುವ ಮೊದಲೇ ಅವನಿಗೆ ಹೇಳು, ಫೋನಿನಲ್ಲಿ ಬೇಡ, ಎದುರು ಕೂತು ಹೇಳು ಅಂದೆ. ‘ಅವನು ಎದ್ದು ಹೋದರೆ?’ ಅಂದಳು. ಹೋಗಬಹುದು ಅಂದೆ. ಕಾಫಿ ಕೊಯ್ಲು ಮುಗಿದ ಮೇಲೆ ಅವರ ಮನೆಯವರು ನೋಡಲು ಬರುತ್ತಾರಂತೆ. ಅದಕ್ಕೆ ಮುಂಚೆ ಒಂದು ಶನಿವಾರ ಅವನನ್ನು ಕುಶಾಲನಗರಕ್ಕೆ ಬರಹೇಳಿದ್ದಾಳೆ.