ಹದಿನಾರು ಗಂಟೆ ಹಾರಿದರೂ ತಾರೀಕು ಬದಲಾಗಲ್ಲ, ಯಾಕೆ?

ಪ್ರಶ್ನೆ: ನಾವು ಮಂಡ್ಯದವರು. ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಬೆಂಗಳೂರಿನಿಂದ 14,000 ಕಿ.ಮೀ. ಅಂತೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂದರೆ ಹದಿನೈದೂವರೆ ಗಂಟೆ ಸಾಕು. ಏಜೆಂಟರು 24 ಗಂಟೆ ಅಂತಾರೆ. ಹೋಗುವಾಗ ಒಂದೇ ದಿನ, ಬರುವಾಗ ಎರಡು ದಿನ ಹಿಡಿಯುತ್ತೆ ಅಂತಾಳೆ ಮಗಳು. ಯಾವುದು ನಿಜ?

ಉತ್ತರ: ಮೂರೂ ನಿಜ. ನಿಮ್ಮ ಭಾಗಾಕಾರದಲ್ಲೂ ತಪ್ಪಿಲ್ಲ. ಆದರೆ 14,000 ಕಿ.ಮೀ. ಅನ್ನೋದು ನೇರ ಹಾದಿಯ ಲೆಕ್ಕ. ಒಂದು ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿಯಾಗಿ ಎಳೆದು ನೋಡಿ, ಅದು ಉತ್ತರ ಧ್ರುವದ ಹತ್ತಿರ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೀಗೇ ಹಾರಿಸಿಕೊಂಡು ಬಂದರು. ಸುಮಾರು 17 ಗಂಟೆ ಹಿಡಿಯಿತು.

ನಿಮ್ಮ ಲೆಕ್ಕಕ್ಕಿಂತ ಜಾಸ್ತಿ ಆಯ್ತಲ್ವಾ? ಗಾಳಿಯ ಪಾಲೂ ಅದರಲ್ಲಿದೆ. ಹತ್ತು-ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ, ಚಳಿಗಾಲದಲ್ಲಂತೂ ಇನ್ನೂ ಜೋರು. ಅದಕ್ಕೇ ಹೋಗುವಾಗ ಎಷ್ಟೋ ಸಲ ದೂರ ಜಾಸ್ತಿಯಾದರೂ ಪೆಸಿಫಿಕ್ ಮೇಲಿಂದ, ಆ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಹಾರಿಸುತ್ತಾರೆ.

ಇನ್ನು 24 ಗಂಟೆ. ಅದು ಒಂದು ಕಡೆ ಇಳಿದು ಹತ್ತುವ ಟಿಕೆಟ್. ದುಬೈ ಮೇಲೆ ಹೋದರೆ ಅಲ್ಲಿಗೆ ಸುಮಾರು 2,700 ಕಿ.ಮೀ., ಅಲ್ಲಿಂದ ಮುಂದೆ ಸುಮಾರು 13,000. ಹಾರೋದೇ ಇಪ್ಪತ್ತು ಗಂಟೆ. ಉಳಿದದ್ದು ಕಾಯೋದು.

ತಾರೀಕಿನ ಗೊಂದಲ ಗಡಿಯಾರದ್ದು. ಡಿಸೆಂಬರ್‌ನಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ (ಬೇಸಿಗೆಯಲ್ಲಿ ಹನ್ನೆರಡೂವರೆ). ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು ಎಲ್ಲೂ ಇಳಿಯದೆ 16 ಗಂಟೆ ಹಾರಿದರೂ ಅಲ್ಲಿ ಸೋಮವಾರ ಸಂಜೆ ನಾಲ್ಕೂವರೆ! ವಾಪಸ್ ಬರುವಾಗ ಈ ಲಾಭವೆಲ್ಲ ಬಡ್ಡಿ ಸಮೇತ ಕಕ್ಕಬೇಕು. ಸೋಮವಾರ ರಾತ್ರಿ 9ಕ್ಕೆ ಹೊರಟರೆ, ಹದಿನೇಳೂವರೆ ಗಂಟೆ ಹಾರಿ ಬೆಂಗಳೂರಲ್ಲಿ ಇಳಿಯೋದು ಬುಧವಾರ ಬೆಳಗಿನ ಜಾವ 4ಕ್ಕೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು, ತಲುಪುವ ಹೊತ್ತು ಎರಡೂ ಆಯಾ ಊರಿನದೇ. ಅವನ್ನು ಸುಮ್ನೆ ಕಳೆದು ನೋಡಬೇಡಿ, ಒಟ್ಟು ಅವಧಿ ಅಂತ ಬೇರೆ ಕೊಟ್ಟಿರುತ್ತಾರೆ.

ಯಾರೂ ಲೆಕ್ಕಕ್ಕೆ ಹಿಡಿಯದ ದಾರಿ ಇನ್ನೊಂದಿದೆ, ಮಂಡ್ಯದಿಂದ ದೇವನಹಳ್ಳಿ. ಎಕ್ಸ್‌ಪ್ರೆಸ್‌ವೇಯಲ್ಲಿ ಕೆಂಗೇರಿವರೆಗೆ ಸಲೀಸು, ಆಮೇಲೆ ಟ್ರಾಫಿಕ್ ಕೃಪೆ. ವಿಮಾನಕ್ಕೆ ಮೂರು ಗಂಟೆ ಮುಂಚೆ ಟರ್ಮಿನಲ್ 2ರಲ್ಲಿರಬೇಕು. ಹಾಗಾಗಿ ಮನೆಯಿಂದ ಏಳು ಗಂಟೆ ಮುಂಚೆ ಹೊರಡಿ. ಮೈಸೂರಿನಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ಮಂಡ್ಯದಲ್ಲಿ ಹತ್ತಬಹುದಾ ಅಂತ ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಮಧ್ಯದ ಊರಲ್ಲಿ ಮೂರು ಗಂಟೆಯಾದರೂ ಬಿಡುವಿರಲಿ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಬೇರೆ ವಿಮಾನಕ್ಕೆ ಹತ್ತಿಸುವ ಹೊಣೆ ಆಗ ಕಂಪನಿಯದು.